ಮಂಡಿನೋವಿನ ಅಮ್ಮ, ಶುಗರ್ ಇರುವ ಅಪ್ಪ: ಯಾವ ಬೀಚಿಗೆ ಹೋಗೋಣ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ-ಅಮ್ಮ ಹಾಸನದಲ್ಲಿದ್ದಾರೆ. ಅಪ್ಪನಿಗೆ 68 ವರ್ಷ, ಶುಗರ್ ಇದೆ, ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ 63, ಮಂಡಿನೋವು. ಇಬ್ಬರೂ ಪಕ್ಕಾ ಸಸ್ಯಾಹಾರಿಗಳು. ಮೇ ತಿಂಗಳಲ್ಲಿ ಒಂದು ವಾರ ವಿದೇಶದ ಬೀಚಿಗೆ ಕರೆದುಕೊಂಡು ಹೋಗುವ ಆಸೆ. ಇದುವರೆಗೆ ಮನೆಯವರೆಲ್ಲ ಹೋಗಿದ್ದು ಬಸ್ಸಿನಲ್ಲಿ ದೇವಸ್ಥಾನ ಸುತ್ತುವ ಪ್ರವಾಸಗಳಿಗೆ ಮಾತ್ರ. ಈ ಸಲ ಅವರು ಆರಾಮಾಗಿರಬೇಕು. ನನಗೆ ಮಾಲ್ಡೀವ್ಸ್ ಇಷ್ಟ, ಹೆಂಡತಿ ಬಾಲಿ ಅನ್ನುತ್ತಾಳೆ. ಅಪ್ಪ ಮಾತ್ರ "ಸಮುದ್ರದ ಮುಂದೆ ಒಂದು ವಾರ ಕೂತು ಏನಪ್ಪಾ ಮಾಡೋದು?" ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಹೆಂಡತಿ ಹೇಳಿದ್ದೇ ಸರಿ. ಆದರೆ ಬಾಲಿ ಅಂದಕೂಡಲೇ ಕುಟಾ, ಸೆಮಿನ್ಯಾಕ್ ಕಡೆ ರೂಮ್ ಹುಡುಕಬೇಡಿ. ಅಲ್ಲಿ ಅಲೆ ಜೋರು, ಗಲಾಟೆಯೂ ಜಾಸ್ತಿ. ನೀವು ಸನೂರ್‌ಗೆ ಹೋಗಿ.

ಮಾಲ್ಡೀವ್ಸ್ ಯಾಕೆ ಬೇಡ ಅಂತ ಮೊದಲು ಹೇಳುತ್ತೇನೆ. ಮೇ ತಿಂಗಳಿಗೆ ಅಲ್ಲಿ ಮಳೆಗಾಲ ಶುರುವಾಗುತ್ತದೆ. ಮಾಲೆಯಲ್ಲಿ ಇಳಿದ ಮೇಲೆ ರೆಸಾರ್ಟ್ ತಲುಪಲು ಸ್ಪೀಡ್ ಬೋಟ್ ಅಥವಾ ಸೀಪ್ಲೇನ್ ಹತ್ತಬೇಕು. ಅಲುಗಾಡುವ ದೋಣಿಗೆ ಕಾಲೆತ್ತಿ ಹತ್ತುವುದು ಮಂಡಿನೋವಿನವರಿಗೆ ಸುಲಭವಲ್ಲ. ನೀರಿನ ಮೇಲಿನ ಕಾಟೇಜು ಫೋಟೋದಲ್ಲಿ ಚೆಂದ, ಆದರೆ ಸಮುದ್ರಕ್ಕಿಳಿಯಲು ಸಾಮಾನ್ಯವಾಗಿ ಕಡಿದಾದ ಏಣಿ ಇರುತ್ತದೆ. ರಾತ್ರಿ ಅಪ್ಪನ ಶುಗರ್ ಏರುಪೇರಾದರೆ ದೊಡ್ಡ ಆಸ್ಪತ್ರೆ ದೂರ, ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ಒಯ್ಯುವಂತಿಲ್ಲ. ಅಮ್ಮ ಬ್ಯಾಗಿನಲ್ಲಿ ಒಂದು ಪುಟ್ಟ ಗಣಪನನ್ನು ಇಟ್ಟುಕೊಂಡೇ ಊರು ಬಿಡುವವರಾದರೆ ಅಲ್ಲೇ ತೊಡಕು ಶುರು.

ಸನೂರ್ ಇರುವುದು ಬಾಲಿಯ ಪೂರ್ವ ಕಡಲಂಚಿನಲ್ಲಿ, ವಿಮಾನ ನಿಲ್ದಾಣದಿಂದ ಅರ್ಧ-ಮುಕ್ಕಾಲು ಗಂಟೆ ದೂರ. ದಡದಿಂದಾಚೆ ಹವಳದ ದಿಬ್ಬ ಇದೆ. ದೊಡ್ಡ ಅಲೆಗಳು ಅಲ್ಲೇ ಒಡೆದು ಹೋಗುತ್ತವೆ, ದಡಕ್ಕೆ ಬರುವ ನೀರು ಶಾಂತವಾಗಿರುವ ಕೆರೆಯ ಹಾಗೆ. ಮೇ ಅಲ್ಲಿ ಒಣ ಹವೆಯ ಕಾಲ. ಬೀಚಿನ ಉದ್ದಕ್ಕೂ ಐದು ಕಿಲೋಮೀಟರಿಗೂ ಜಾಸ್ತಿ ಕಾಲುದಾರಿ ಇದೆ, ಮಟ್ಟಸ, ಮರಗಳ ನೆರಳು, ಕಾರು-ಬಸ್ಸುಗಳ ಕಾಟ ಇಲ್ಲ. ಸೈಕಲ್ಲುಗಳು ಬರುತ್ತವೆ, ಅಷ್ಟು ಎಚ್ಚರ ಇರಲಿ.

ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಈ ದಾರಿಯಲ್ಲೇ ಇದೆ. ವಯಸ್ಸಾದವರಿಗೆ ಆರಾಮ ಅಂದರೆ ಏನೂ ಮಾಡದೆ ಬಿದ್ದುಕೊಂಡಿರುವುದಲ್ಲ. ದಿನಚರಿ ತಪ್ಪಬಾರದು, ಆದರೆ ಅದರ ಜವಾಬ್ದಾರಿ ಅವರ ತಲೆ ಮೇಲಿರಬಾರದು. ಬೆಳಗಿನ ವಾಕಿಂಗು, ಹೊತ್ತಿಗೆ ಸರಿಯಾಗಿ ಕಾಫಿ, ತಿಂಡಿ, ಪೇಪರು, ಊಟವಾದ ಮೇಲೆ ಒಂದು ನಿದ್ದೆ. ಇಷ್ಟೂ ಹಾಗೇ ಇದ್ದು ಪಕ್ಕದಲ್ಲಿ ಸಮುದ್ರ ಇರಬೇಕು. ಆರು ಗಂಟೆಗೆ ಅಪ್ಪನನ್ನು ಆ ದಾರಿಗೆ ಬಿಡಿ. ಸೂರ್ಯ ಎದುರಿಗೇ ಸಮುದ್ರದಿಂದ ಏಳುತ್ತಾನೆ, ಮೋಡವಿಲ್ಲದ ದಿನ ಅಗುಂಗ್ ಜ್ವಾಲಾಮುಖಿ ಪರ್ವತವೂ ಕಾಣುತ್ತದೆ. ಎರಡೂ ಬದಿಗೆ ಬಿದಿರಿನ ಕೈ ಚಾಚಿದ ಜುಕುಂಗ್ ದೋಣಿಗಳು ಸಾಲಾಗಿ ನಿಂತಿರುತ್ತವೆ. ಊರಿನವರೂ ಮಕ್ಕಳುಮರಿ ಸಮೇತ ನೀರಿಗಿಳಿದಿರುತ್ತಾರೆ. ಅಂಗಡಿಗಳ ಮುಂದೆ ಎಳೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಒಂದು ಚಿಟಿಕೆ ಅನ್ನ, ಊದುಬತ್ತಿ ಇಟ್ಟಿರುತ್ತಾರೆ. ಅದರ ಹೆಸರು ಚನಾಂಗ್ ಸಾರಿ, ದಿನವೂ ಹೊಸದಾಗಿ ಇಡುತ್ತಾರೆ. ಬಾಲಿಯವರ ತ್ರಿಸಂಧ್ಯಾ ಪ್ರಾರ್ಥನೆ ಶುರುವಾಗುವುದು ಗಾಯತ್ರಿ ಮಂತ್ರದಿಂದ. ಅದು ಕಿವಿಗೆ ಬಿದ್ದರೆ ಅಪ್ಪನೇ ನಿಂತು ಕೇಳುತ್ತಾರೆ ನೋಡಿ.

ಅಮ್ಮನ ವಿಷಯಕ್ಕೆ ಬರೋಣ. ರೂಮು ನೆಲಮಹಡಿಯಲ್ಲೇ ಬೇಕು ಅಂತ ಬುಕಿಂಗಿಗೆ ಮೊದಲೇ ಹೋಟೆಲಿಗೆ ಬರೆದು ಖಚಿತ ಮಾಡಿಕೊಳ್ಳಿ. 1966ರಲ್ಲಿ ಸನೂರಿನಲ್ಲಿ ಹತ್ತು ಮಹಡಿಯ ಹೋಟೆಲೊಂದು ಎದ್ದ ಮೇಲೆ, ಬಾಲಿಯಲ್ಲಿ ತೆಂಗಿನ ಮರಕ್ಕಿಂತ ಎತ್ತರದ ಕಟ್ಟಡ ಬೇಡ ಅಂತ ನಿಯಮ ಬಂತು. ಹಾಗಾಗಿ ತಗ್ಗು ಕಟ್ಟಡಗಳೇ ಹೆಚ್ಚು. ಆದರೆ ತಗ್ಗು ಕಟ್ಟಡ ಅಂದರೆ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ. ಬಾತ್‌ರೂಮಿನಲ್ಲಿ ಟಬ್ ಹತ್ತಿ ಇಳಿಯುವ ಹಾಗಿದ್ದರೆ ಬೇಡ ಅನ್ನಿ. ನೆಲಕ್ಕೆ ಸಮವಾದ ಶವರ್ ಇರಲಿ, ಹಿಡಿದುಕೊಳ್ಳಲು ಒಂದು ಕಂಬಿ ಇರಲಿ. ಫೋಟೋ ಕಳಿಸಿ ಅಂತ ಕೇಳಿ, ಸಂಕೋಚ ಬೇಡ.

ಬೀಚಿನ ಒರಗು ಮಂಚಗಳು ತೀರಾ ತಗ್ಗು. ಮಂಡಿನೋವಿದ್ದವರು ಕೂತರೆ ಏಳುವುದು ಕಷ್ಟ. ಹತ್ತಿರದ ವಾರುಂಗ್‌ನಲ್ಲಿ, ಅಂದರೆ ಅಲ್ಲಿನ ಸಣ್ಣ ಹೋಟೆಲಿನಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು ನೀರಿನ ಅಂಚಿಗೇ ಹಾಕಿಕೊಡಿ. ನೀರಿನಲ್ಲಿ ಕಾಲಿಟ್ಟು ಒಂದು ಗಂಟೆ ಕೂತರೂ ಅವರಿಗೆ ಬೇಸರವಾಗುವುದಿಲ್ಲ. ನೀರಿಗಿಳಿಯುವ ಆಸೆ ಇದ್ದರೆ ಸೀರೆ ಮಾತ್ರ ಬೇಡ, ಒದ್ದೆಯಾದರೆ ಭಾರವಾಗಿ ಕಾಲಿಗೆ ತೊಡರುತ್ತದೆ. ಊರಲ್ಲೇ ಒಂದು ಜೊತೆ ಹಗುರವಾದ ಚೂಡಿದಾರ ಹೊಲಿಸಿಬಿಡಿ. ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನೀರು ಇಳಿತದ ಹೊತ್ತಿನಲ್ಲಿ ಸಮುದ್ರ ತುಂಬಾ ಹಿಂದೆ ಸರಿದು ಹವಳದ ಕಲ್ಲುಗಳು ಮೇಲೆ ಕಾಣುತ್ತವೆ. ಆಗ ಸ್ನಾನ ಆಗದು. ಭರತ-ಇಳಿತದ ಸಮಯವನ್ನು ಹಿಂದಿನ ದಿನವೇ ಹೋಟೆಲಿನಲ್ಲಿ ಕೇಳಿಟ್ಟುಕೊಳ್ಳಿ.

ಅಪ್ಪ ಮಾತ್ರ ಬರಿಗಾಲಲ್ಲಿ ಮರಳಿಗಿಳಿಯಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ. ತುಂಬಾ ವರ್ಷದಿಂದ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಮಧ್ಯಾಹ್ನದ ಮರಳು ಸುಟ್ಟರೂ, ಹವಳದ ಚೂರು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ನೀರಿನಲ್ಲೂ ಹಾಕಿಕೊಳ್ಳುವ ರಬ್ಬರ್ ಅಡಿಯ ಶೂ ಕೊಡಿಸಿ. ದಿನಾ ಸಂಜೆ ಅವರ ಪಾದ ನೀವೇ ಒಮ್ಮೆ ನೋಡಿ. ಊರಲ್ಲಿಗಿಂತ ಜಾಸ್ತಿ ನಡೆದಾಗ ಶುಗರ್ ತಟ್ಟನೆ ಇಳಿಯಲೂಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಇನ್ಸುಲಿನ್ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಹೆಪ್ಪುಗಟ್ಟಿ ಕೆಡುವ ಭಯ ಇದೆ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಡೋಸಿನ ಸಮಯ ಹೇಗೆ ಸರಿಸಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಔಷಧಗಳ ಚೀಟಿಯನ್ನೂ ಇಂಗ್ಲಿಷಿನಲ್ಲಿ ಮಾಡಿಸಿ. ಇಂಡೋನೇಷ್ಯಾದಲ್ಲಿ ಮಾದಕ ವಸ್ತುಗಳ ಕಾನೂನು ಬಹಳ ಬಿಗಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧ ಇದ್ದರೆ ಡಾಕ್ಟರ ಪತ್ರವೊಂದನ್ನೇ ನಂಬಿ ಒಯ್ಯಬೇಡಿ, ಇಂಡೋನೇಷ್ಯಾದ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಶುಗರನ್ನು ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆಗೂ ಕವರ್ ಕೊಡುವ ಪಾಲಿಸಿಗೆ ಸ್ವಲ್ಪ ಜಾಸ್ತಿ ಹಣವಾದರೂ ಸರಿ. ಸನೂರಿನಲ್ಲೇ 2025ರಲ್ಲಿ ಬಾಲಿ ಇಂಟರ್‌ನ್ಯಾಷನಲ್ ಹಾಸ್ಪಿಟಲ್ ಶುರುವಾಗಿದೆ, ಅದೂ ಒಂದು ಧೈರ್ಯ.

ಊಟದ ಚಿಂತೆ ಅರ್ಧ ಮಾತ್ರ ಇಟ್ಟುಕೊಳ್ಳಿ. ಅನ್ನ, ತೋಫು, ಸೋಯಾಕಾಳು ಹುದುಗಿಸಿ ಮಾಡುವ ತೆಂಪೆ, ತರಕಾರಿಗೆ ಕಾಯಿತುರಿ ಬೆರೆಸಿದ ಉರಾಪ್, ಎಲ್ಲಾ ಸಿಗುತ್ತದೆ. ಆದರೆ ತರಕಾರಿ ಅಡುಗೆ ಅಂತ ಕಂಡಿದ್ದರಲ್ಲೂ, ಅದರಲ್ಲೂ ಸಂಬಲ್ ಚಟ್ನಿಯಲ್ಲಿ, ತೆರಾಸಿ ಇರಬಹುದು. ಅದು ಸಿಗಡಿ ಹುದುಗಿಸಿ ಮಾಡಿದ್ದು. "ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ" ಅಂದರೆ ಮಾಂಸ, ಮೀನು, ತೆರಾಸಿ ಬೇಡ ಅಂತ. ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಸಾಧ್ಯವಾದರೆ ಸಣ್ಣ ಅಡುಗೆಮನೆ ಇರುವ ರೂಮು ಹಿಡಿಯಿರಿ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಬೆಳಗಿನ ತಿಂಡಿ ಚಿಂತೆ ಇಲ್ಲ. ಕಾಫಿ ಫಿಲ್ಟರ್ ಮರೆಯಬೇಡಿ. ಬಾಲಿಯಲ್ಲಿ ಪುಡಿಗೆ ನೇರ ಬಿಸಿನೀರು ಹಾಕಿ ಕೊಡುತ್ತಾರೆ, ಚರಟ ತಳಕ್ಕೆ ಇಳಿಯುವ ತನಕ ಕಾಯಬೇಕು. ಹಾಸನದವರಿಗೆ ಅದು ರುಚಿಸುವುದು ಅನುಮಾನ. ನಲ್ಲಿ ನೀರು ಮಾತ್ರ ಕುಡಿಯಬೇಡಿ.

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ, ದುಡ್ಡು ಉಳಿಸಲು ರಾತ್ರಿಯಿಡೀ ಇನ್ನೊಂದು ಏರ್‌ಪೋರ್ಟಿನಲ್ಲಿ ಕೂರಿಸಬೇಡಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. "ನಾನೇನು ರೋಗಿಯಾ?" ಅಂತ ಅಮ್ಮ ಮುನಿಸಿಕೊಳ್ಳಬಹುದು. ಏರ್‌ಪೋರ್ಟಿನಲ್ಲಿ ನಡೆಯುವುದು ಜಾಸ್ತಿ ಇರುತ್ತೆ, ಮಂಡಿಯನ್ನು ಬೀಚಿಗೆ ಉಳಿಸಿಕೊಳ್ಳೋಣ ಅಂತ ಹೇಳಿ. ಇಂಡೋನೇಷ್ಯಾದ ವೀಸಾ ಆನ್ ಅರೈವಲ್ 30 ದಿನದ್ದು, ಶುಲ್ಕ 5 ಲಕ್ಷ ರುಪಿಯಾ. ಬಾಲಿಗೆ ಬರುವ ವಿದೇಶಿ ಪ್ರವಾಸಿಗರಿಗೆ 2024ರಿಂದ ತಲಾ 1.5 ಲಕ್ಷ ರುಪಿಯಾ ಶುಲ್ಕ ಬೇರೆ. ಸರ್ಕಾರಿ ವೆಬ್‌ಸೈಟಿನಲ್ಲೇ ಎರಡನ್ನೂ ಮೊದಲೇ ಕಟ್ಟಿಬಿಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು.

ಒಂದು ವಾರದಲ್ಲಿ ಒಂದೇ ಒಂದು ಸುತ್ತಾಟ ಸಾಕು. ತಂಪಾಕ್ಸಿರಿಂಗ್‌ನ ತೀರ್ಥ ಎಂಪುಲ್‌ಗೆ ಹೋಗಿ ಬನ್ನಿ, ಬುಗ್ಗೆಯ ನೀರಿನ ಪುಣ್ಯತೀರ್ಥ ಅದು. ಪಕ್ಕದ ಗುನುಂಗ್ ಕಾವಿಗೆ ನೂರಾರು ಮೆಟ್ಟಿಲು, ಬಿಡಿ. ನುಸಾ ಪೆನಿಡಾ ದ್ವೀಪದ ಫಾಸ್ಟ್ ಬೋಟೂ ಬೇಡ. ಅಲ್ಲಿಗೆ ನೀವಿಬ್ಬರೂ ಒಂದು ದಿನ ಹೋಗಿ ಬನ್ನಿ. ಅಪ್ಪ-ಅಮ್ಮನನ್ನು ಒಂದು ದಿನ ಅವರ ಪಾಡಿಗೆ ಬಿಡುವುದೂ ಈ ರಜೆಯ ಭಾಗವೇ. ರೂಮಿನ ಬಾಡಿಗೆ ಎಷ್ಟು ಅಂತ ಅವರೆದುರು ಲೆಕ್ಕ ಬಿಚ್ಚಬೇಡಿ, ಮುಂಗಡವಾಗಿ ಕಟ್ಟಿಬಿಡಿ.

ಪ್ರಶ್ನೆ: ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ 72. ಅಪ್ಪ ತೀರಿಕೊಂಡ ಮೇಲೆ ಎಲ್ಲಿಗೂ ಹೋಗಿಲ್ಲ. "ಒಂದು ಸಲ ಬೇರೆ ದೇಶ ನೋಡಬೇಕಿತ್ತು" ಅಂತಾರೆ, ಆದರೆ ವಿಮಾನ ಅಂದರೆ ಭಯ. ನನಗೆ ಡಿಸೆಂಬರ್ ಕೊನೆಗೆ ನಾಲ್ಕೇ ದಿನ ರಜೆ. ನಾನು ಅವರ ಮಗಳು, ನಾವಿಬ್ಬರೇ ಹೋಗುವುದು.

ಉತ್ತರ: ಶ್ರೀಲಂಕಾದ ಬೆಂಟೋಟ. ಬೆಂಗಳೂರಿನಿಂದ ಕೊಲಂಬೊಗೆ ಸುಮಾರು ಒಂದೂವರೆ ಗಂಟೆ ಹಾರಾಟ, ಭಯ ಜಾಸ್ತಿಯಾಗುವ ಹೊತ್ತಿಗೆ ಇಳಿಯುತ್ತಿರುತ್ತೀರಿ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಅಲುಗಾಟ ಕಡಿಮೆ. ಗಡಿಯಾರವೂ ನಮ್ಮದೇ ಸಮಯ, ಮಾತ್ರೆಗಳ ಹೊತ್ತು ಬದಲಾಗುವುದಿಲ್ಲ. ನೈಋತ್ಯ ಕರಾವಳಿಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಮುದ್ರ ಶಾಂತ. ಮೇ ಬಂದರೆ ಇದೇ ಬೀಚು ಒರಟಾಗುತ್ತದೆ, ಆಗ ಹೋಗುವವರು ಪೂರ್ವದ ತ್ರಿಂಕೋಮಲೈ ಕಡೆ ನೋಡಬೇಕು.

ಇಡಿಯಾಪ್ಪ, ಪರಿಪ್ಪು ಅನ್ನುವ ತೊವ್ವೆ, ಅನ್ನದ ಜೊತೆ ನಾಲ್ಕಾರು ತರಕಾರಿ ಪಲ್ಯ ಅಮ್ಮನಿಗೆ ಹೊಸದೆನಿಸುವುದಿಲ್ಲ. ಪೊಲ್ ಸಂಬೋಲ ಅನ್ನುವ ಕಾಯಿತುರಿ ಚಟ್ನಿಯಲ್ಲಿ ಮಾತ್ರ ಉಂಬಲಕಡ, ಅಂದರೆ ಒಣಮೀನಿನ ಪುಡಿ, ಇರಬಹುದು. ಕೇಳಿಯೇ ಬಡಿಸಿಕೊಳ್ಳಿ. ಒಂದು ಬೆಳಿಗ್ಗೆ ಬಾಲಪಿಟಿಯದ ಮಾದು ನದಿಯಲ್ಲಿ ದೋಣಿ ಸುತ್ತು ಹೋಗಿ. ಕಾಂಡ್ಲಾ ಗಿಡಗಳ ನಡುವೆ ದೋಣಿ ನಿಧಾನಕ್ಕೆ ಸಾಗುತ್ತದೆ, ನಡುವಿನ ದ್ವೀಪದಲ್ಲಿ ಚಕ್ಕೆ ಸುಲಿಯುವುದನ್ನು ತೋರಿಸುತ್ತಾರೆ. ದೋಣಿಗೆ ಹತ್ತಿಸುವಾಗ ಕೈ ಹಿಡಿಯಿರಿ, ಲೈಫ್ ಜಾಕೆಟ್ ಹಾಕಿಸಿ. ಪೋಯಾ ಅಂದರೆ ಹುಣ್ಣಿಮೆ, ಅಲ್ಲಿ ಅವತ್ತು ರಜೆ. ನಿಮ್ಮ ದಿನಗಳಲ್ಲಿ ಹುಣ್ಣಿಮೆ ಬಿದ್ದರೆ ಅಲುತ್ಗಮ ಹತ್ತಿರದ ಕಂದೆ ವಿಹಾರಕ್ಕೆ ಹೋಗಿ, ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಬಂದಿರುತ್ತದೆ.

ಪ್ರಯಾಣದ ಅನುಮತಿ ಇಟಿಎ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಳ್ಳಿ. ವರ್ಷಾಂತ್ಯಕ್ಕೆ ಹೋಟೆಲು ದುಬಾರಿ, ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಬುಕ್ ಮಾಡಿದರೆ ಒಳ್ಳೆಯದು. ಎರಡು ರೂಮು ಬೇಡ, ಎರಡು ಮಂಚದ ಒಂದೇ ರೂಮು ಸಾಕು. ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ರಾತ್ರಿ ದೀಪ ಆರಿಸಿದ ಮೇಲೆ ಅಮ್ಮ ಅಪ್ಪನ ವಿಷಯ ಮಾತಾಡಲು ಶುರುಮಾಡಿದರೆ, "ಬೆಳಿಗ್ಗೆ ಬೇಗ ಏಳಬೇಕು" ಅನ್ನಬೇಡಿ, ಕೇಳಿಸಿಕೊಳ್ಳಿ.