‘ಪೋರ್ಟಲ್’ ಗೇಮಿನ ಕೊನೆಯ ಹಾಡನ್ನು ವಿಮರ್ಶಕರು ಅಷ್ಟೇಕೆ ಮೆಚ್ಚಿದರು?

2007ರ ‘ಪೋರ್ಟಲ್’ನಲ್ಲಿ ‘ಸ್ಟಿಲ್ ಅಲೈವ್’ ಕತೆ ಮುಗಿದ ಮೇಲೆ ಅಂಟಿಸಿದ ಹಾಡಲ್ಲ, ಕತೆಯ ಕೊನೆಯ ದೃಶ್ಯವೇ ಅದು. ಆಗಷ್ಟೇ ನೀವು ಸೋಲಿಸಿದ ಗ್ಲಾಡೋಸ್ ಎಂಬ ಯಂತ್ರಬುದ್ಧಿ, ತಾನಿನ್ನೂ ಬದುಕಿದ್ದೇನೆ, ನಿಮ್ಮ ಮೇಲೆ ಕೋಪವೂ ಇಲ್ಲ ಎಂದು ಮೆಲ್ಲಗೆ ಹಾಡುತ್ತದೆ. ಗೆದ್ದವರ ಗೆಲುವೇ ಅಲುಗುತ್ತದೆ! ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿಯಲ್ಲಿ ಮಂಗಳ ಶುರುವಾದರೆ ಕೆಲವರು ಏಳುವಂತೆ, ಗೇಮ್ ಮಾಡಿದವರ ಹೆಸರುಪಟ್ಟಿ ಬಂದೊಡನೆ ಆಟಗಾರರೂ ಎದ್ದುಬಿಡುತ್ತಾರೆ. ಇಲ್ಲಿ ಏಳಲಾಗದು, ಏಕೆಂದರೆ ಕಪ್ಪು ಪರದೆಯ ಮೇಲೆ ಸಾಲುಗಳು ಹಾಡಿನ ಜೊತೆಗೇ ಟೈಪ್ ಆಗುತ್ತಾ ಹೋಗುತ್ತವೆ.

ಬರೆದವರು ಜೊನಾಥನ್ ಕೋಲ್ಟನ್. ಹಾಡಿದ ಎಲೆನ್ ಮೆಕ್‌ಲೇನ್ ಒಪೆರಾ ಗಾಯಕಿ, ಗೇಮಿನುದ್ದಕ್ಕೂ ಗ್ಲಾಡೋಸ್‌ಗೆ ದನಿ ಕೊಟ್ಟವರೂ ಅವರೇ. ಬರೀ ಹಾಡು ಕೇಳಿದರೆ ಅರ್ಧ ರುಚಿಯೂ ಸಿಗದು. ಮೂರ್ನಾಲ್ಕು ಗಂಟೆಯ ಆಟ, ಮೊದಲು ಮುಗಿಸಿ.