ಮಣ್ಣಿನ ಗೋಡೆ ಕೊರೆಯುವ ನೀಲಿ ಪಟ್ಟೆಯ ಜೇನು ಯಾವುದು? ಪೆಟ್ಟಿಗೆಗೆ ಸೇರಿಸಬಹುದೇ?

ನೀಲಿ ಪಟ್ಟೆ, ಕಂದು ಎದೆ, ಒಂದು ತೂತಿಗೆ ಒಂದೇ ಹುಳ ಎಂದಿದ್ದೀರಿ. ಓದುತ್ತಲೇ ನಮ್ಮ ಹಳೇ ಕೊಟ್ಟಿಗೆ ಕಣ್ಣೆದುರು ಬಂತು. ನೀವು ಕಂಡ ಹುಳ ಅಮೆಜಿಲ್ಲಾ, ನೀಲಿಪಟ್ಟೆ ಜೇನು.

ನಮ್ಮದು ಶಿರಸಿ ಕಡೆ. ಕೊಟ್ಟಿಗೆಯ ಮಣ್ಣುಗೋಡೆಯಲ್ಲಿ, ಸೂರಿನ ಕೆಳಗೆ ಮಳೆ ಬಡಿಯದ ಜಾಗದಲ್ಲಿ, ಮೂವತ್ತು ನಲವತ್ತು ತೂತುಗಳಿದ್ದವು. ಗೋಡೆ ಉದುರುತ್ತಿತ್ತು, ಸಿಮೆಂಟು ಬಳಿಯಬೇಕಿತ್ತು. ಹುಳ ಸಾಯಬಾರದೆಂದು ನಾಲ್ಕು ಸಂಜೆ ಕಾದು ನೋಡಿದೆ. ಮಬ್ಬಾಗುತ್ತಿದ್ದಂತೆ ಬೇಲಿಯ ಒಣಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿಕೊಂಡು ಎಂಟು ಹತ್ತು ನೀಲಿ ಜೇನು ಸಾಲಾಗಿ ಮಲಗುತ್ತಿದ್ದವು. ರಾತ್ರಿ ಇವು ಹೊರಗೇ ಇರುತ್ತವೆ, ತೂತು ಖಾಲಿ ಎಂದುಕೊಂಡೆ. ಐದನೇ ರಾತ್ರಿ ಲೈಟು ಹಾಕಿಕೊಂಡು ನಾನೇ ಸಿಮೆಂಟು ಕಲಸಿ ಅಷ್ಟೂ ತೂತಿನ ಬಾಯಿ ಮುಚ್ಚಿದೆ.

ಕಡ್ಡಿಯಲ್ಲಿ ಮಲಗಿದ್ದವು ಗಂಡುಗಳು. ಗೂಡು ತೋಡುವುದು, ಪರಾಗ ಹೊರುವುದು ಹೆಣ್ಣು. ಅದು ರಾತ್ರಿ ತಂಗುವುದು ತೂತಿನೊಳಗೆ. ಹಾಗಾದರೆ ಹಗಲಿನಲ್ಲಿ ಮುಚ್ಚಿದ್ದರೆ? ಆಗಲೂ ಖಾಲಿಯಲ್ಲ. ಒಳಗೆ ಮಣ್ಣಿನ ಪುಟ್ಟ ಕೋಣೆಗಳು, ಕೋಣೆಗೊಂದು ಮೊಟ್ಟೆ, ಅದಕ್ಕೆ ಪರಾಗ ಮಕರಂದ ಕಲಸಿದ ಬುತ್ತಿ. ತಾಯಿ ಸತ್ತ ಮೇಲೂ ಮರಿ ಅಲ್ಲೇ ಬೆಳೆಯುತ್ತಿರುತ್ತದೆ. ನಾಲ್ಕು ಸಂಜೆ ನಾನು ಹುಡುಕಿದ 'ಸರಿಯಾದ ಹೊತ್ತು' ಇರಲೇ ಇಲ್ಲ. ತಾಯಂದಿರನ್ನೂ ಮುಂದಿನ ಸಂತತಿಯನ್ನೂ ಒಂದೇ ರಾತ್ರಿ ಹೂತುಬಿಟ್ಟೆ.

ಮರುವರ್ಷ ಬದನೆ ಹೂವಿನಲ್ಲಿ ಆ ಝೇಂಕಾರವೇ ಕೇಳಲಿಲ್ಲ. ಬದನೆಯ ಪರಾಗ ಉದುರುವುದು ಪರಾಗಕೋಶದ ತುದಿಯ ರಂಧ್ರದಿಂದ. ಹೂವನ್ನು ಅವುಚಿಕೊಂಡು ಮೈ ಅದುರಿಸಿದರೆ ಚೆನ್ನಾಗಿ ಉದುರುತ್ತದೆ. ಅದು ಈ ಜೇನಿಗೆ ಗೊತ್ತು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಬಾರದು.

ಪೆಟ್ಟಿಗೆಯ ಯೋಚನೆ ಬಿಟ್ಟುಬಿಡಿ. ಇದಕ್ಕೆ ರಾಣಿಯಿಲ್ಲ, ಎರಿಯಿಲ್ಲ, ತೆಗೆಯುವಷ್ಟು ತುಪ್ಪವಿಲ್ಲ. ಫೋಟೋ ನೋಡಿ ಅಮೆಜಿಲ್ಲಾ ಜೊನಾಟಾ ಎಂದು ಯಾರಾದರೂ ಹೇಳಿದರೂ ನಂಬಬೇಡಿ. ಒಂದೇ ಥರ ಕಾಣುವ ಪ್ರಭೇದಗಳು ಹಲವಿವೆ, ಹುಳವನ್ನು ಸೂಕ್ಷ್ಮದರ್ಶಕದಡಿ ಇಡದೆ ತೀರ್ಮಾನವಾಗದು. ಹೆಸರಿಗಾಗಿ ಹಿಡಿದು ಕೊಲ್ಲುವುದಕ್ಕಿಂತ ದಿನಾ ಹತ್ತು ನಿಮಿಷ ಗೋಡೆಯೆದುರು ಕೂತುಕೊಳ್ಳಿ. ಕಪ್ಪು ಮೈಯಲ್ಲಿ ನೀಲಿ ಚುಕ್ಕೆಗಳಿರುವ ಜೇನೂ ಅಲ್ಲಿ ಸುಳಿದೀತು. ಅದು ಥೈರಿಯಸ್, ಕೋಗಿಲೆಯಂತೆ ಇವುಗಳ ಗೂಡಿನಲ್ಲಿ ಮೊಟ್ಟೆಯಿಡುವಂಥದ್ದು. ಓಡಿಸಬೇಡಿ, ಅದಕ್ಕೂ ಬೇರೆ ಮನೆಯಿಲ್ಲ.

ಗೋಡೆ ರಿಪೇರಿ ಆಗಲೇಬೇಕಿದ್ದರೆ ತೂತಿರುವ ಭಾಗವನ್ನು ಹಾಗೇ ಬಿಟ್ಟು ಉಳಿದದ್ದಕ್ಕೆ ಬಳಿಯಿರಿ. ನಾನು ಕೊಟ್ಟಿಗೆಯ ಹಿಂದೆ ಸುಡದ ಇಟ್ಟಿಗೆಯ ತುಂಡುಗೋಡೆ ಕಟ್ಟಿ ಮೇಲೆ ಮಾಡು ಹೊದಿಸಿದೆ. ಮೂರನೇ ವರ್ಷ ಒಂದು ತೂತು ಬಿತ್ತು. ಈಗ ಹನ್ನೊಂದಿವೆ.