ನೀವು ಕೇಳ್ರಿ, ನಾವು ಹೇಳ್ತೀವಿ: ಬಾಳೆಹಣ್ಣಿನ ದೇಶಕ್ಕ ಏನಾತು?

ಪ್ರಶ್ನೆ: ನಮ್ಮ ಹುಡುಗ ಮೊಬೈಲ್‌ನಾಗ ಹಳೇ ವಿಡಿಯೋ ತೋರಿಸಿದ. ಮುಸುಕು ಹಾಕ್ಕೊಂಡೋರು ಗನ್ ಹಿಡ್ಕೊಂಡು ಟಿವಿ ಸ್ಟುಡಿಯೋಕ್ಕ ನುಗ್ಗಿ ಅಲ್ಲಿದ್ದೋರನ್ನ ನೆಲಕ್ಕ ಕೂಡಿಸ್ಯಾರ. ಈಕ್ವೆಡಾರ್ ಅಂತ. ನಮ್ಮ ಬಾಳೆ ವ್ಯಾಪಾರಿ ಎಕ್ಸ್‌ಪೋರ್ಟ್ ಮಾತು ಬಂದಾಗೆಲ್ಲ ಈಕ್ವೆಡಾರ್ ಈಕ್ವೆಡಾರ್ ಅಂತಿರ್ತಾನ, ಅದೇ ದೇಶಾನಾ? ವಿಡಿಯೋ ಖರೇನಾ?
– ಬಾಳೆ ಬೆಳೆಗಾರರು, ಆನೆಗೊಂದಿ

ಖರೇನ ರೀ ಅಣ್ಣಾರ, ಅದೇ ದೇಶ, ದಕ್ಷಿಣ ಅಮೆರಿಕದಾಗ ಐತಿ. ಬಾಳೆ ಬೆಳೆಯೋದ್ರಾಗ ಜಗತ್ತಿಗೆ ನಾವು ಮುಂದು, ಹೊರಗ ಕಳಿಸೋದ್ರಾಗ ಅವರು ಮುಂದು. ವಿಡಿಯೋ 2024 ಜನವರಿ 9ರದ್ದು, ಗ್ವಾಯಾಕಿಲ್ ಅನ್ನೋ ಬಂದರು ಊರಾಗ ಟಿಸಿ ಟೆಲಿವಿಷನ್ ಚಾನೆಲ್, ಲೈವ್ ನಡೀತಿರುವಾಗಲೇ ನುಗ್ಗಿದ್ರು, ಕೈಯಾಗ ಗನ್ನು, ಡೈನಮೈಟ್ ಕಡ್ಡಿ. ಪೊಲೀಸ್ರು 13 ಮಂದೀನ ಹಿಡಿದ್ರು. ಅದ್ರ ತನಿಖೆ ಮಾಡ್ತಿದ್ದ ಸರ್ಕಾರಿ ವಕೀಲ ಸೆಸಾರ್ ಸುವಾರೆಸ್ ಅವ್ರನ್ನ ಎಂಟೇ ದಿನಕ್ಕ ಅದೇ ಊರಾಗ ಗುಂಡು ಹೊಡೆದು ಕೊಂದ್ರು.

ಟಿವಿ ಚಾನೆಲ್‌ಗೆ ನುಗ್ಗೋಕ ಎರಡು ದಿನ ಮುಂಚೆ, ಜನವರಿ 7ಕ್ಕ, ಜೈಲಿನಾಗ ಹುಡುಕಿದ್ರ ಫಿಟೊ ಇಲ್ಲ. ಚೊನೆರೋಸ್ ಗ್ಯಾಂಗಿನ ಲೀಡರ್ ಅವ, 34 ವರ್ಷ ಶಿಕ್ಷೆ ಆದವ. ಆಮೇಲೆ ಸಿಕ್ಕಿದ್ದು 2025 ಜೂನ್‌ನಾಗ, ಎಲ್ಲಿ ಅಂತೀರಿ, ಮಾಂಟಾದಾಗ, ತನ್ನ ಊರಾಗೇ ಒಂದು ದೊಡ್ಡ ಮನೆ ನೆಲದ ಕೆಳಗ ಬಂಕರ್ ತೋಡಿಸ್ಕೊಂಡು ಕುಂತಿದ್ದ.

ಪ್ರಶ್ನೆ: ಅಲ್ಲಿ ಕೊಕೇನ್ ಬೆಳೀತಾರಾ? ಇಲ್ಲಾಂದ್ರ ಇಷ್ಟು ಗ್ಯಾಂಗ್ ಯಾಕ?
– ನಿವೃತ್ತ ಮೇಷ್ಟ್ರು, ಸಂಡೂರು

ಮೇಷ್ಟ್ರೇ, ಬೆಳೆಯೋರು ಎಡಬಲದೋರು, ಮ್ಯಾಲೆ ಕೊಲಂಬಿಯ, ಕೆಳಗ ಪೆರು. ಈಕ್ವೆಡಾರ್‌ದು ಬರೇ ದಾರಿ. ಆದ್ರ ದಾರಿ ಅಂದ್ರ ಏನು ಅಂತ ಸಂಡೂರಿನೋರಿಗೆ ನಾನು ಹೇಳ್ಬೇಕಾ? ಅದಿರು ಲಾರಿ ಓಡಾಡೋ ಕಾಲದಾಗ ರಾತ್ರಿಯೆಲ್ಲ ಸಾಲು ಹತ್ತಿರ್ತಿತ್ತು, ಯಾವ ಲಾರಿಗೆ ಪರ್ಮಿಟ್ ಐತಿ, ಯಾವುದಕ್ಕಿಲ್ಲ ಅಂತ ಯಾರು ಇಳಿಸಿ ನೋಡ್ತಿದ್ರು, ಬೇಲೆಕೇರಿ ಬಂದರಿನಾಗ ಜಪ್ತಿ ಮಾಡಿಟ್ಟ ಅದಿರೇ ಮಾಯ ಆಗಿತ್ತಲ್ಲ. ಅಲ್ಲೂ ಹಂಗೇ. ಗ್ವಾಯಾಕಿಲ್‌ನಿಂದ ಯುರೋಪಿಗೆ ರಾಶಿ ರಾಶಿ ಬಾಳೆ ಕಂಟೇನರ್ ಹೋಗ್ತಾವ, ಹಣ್ಣು ಕೆಡೋ ಮಾಲು, ತಡೆದು ನಿಲ್ಲಿಸಂಗಿಲ್ಲ, ಬಾಕ್ಸಿನ ನಡುವ ಪೌಡರ್ ಇಟ್ರ ಮುಗೀತು. ಅದ್ರ ಮ್ಯಾಲೆ 2000ದಿಂದ ಅವರ ದುಡ್ಡು ಅಮೆರಿಕದ ಡಾಲರ್ರೇ, ಕಳ್ಳದುಡ್ಡು ಬದಲಾಯಿಸೋ ತಾಪತ್ರಯನೂ ಇಲ್ಲ.

ಜೈಲು ಅಂತೂ ಗ್ಯಾಂಗಿನೋರ ಆಫೀಸ್ ಆಗಿಬಿಟ್ಟಿದ್ವು. 2021 ಸೆಪ್ಟೆಂಬರ್‌ನಾಗ ಗ್ವಾಯಾಕಿಲ್ ಜೈಲಿನಾಗ ಕೈದಿಗಳೇ ಬಡಿದಾಡಿ ನೂರರ ಮ್ಯಾಲೆ ಸತ್ರು. 2018ರಾಗ ವರ್ಷಕ್ಕ ಲಕ್ಷ ಜನಕ್ಕ ಆರರ ಹತ್ರ ಇದ್ದ ಕೊಲೆ 2023ಕ್ಕ ನಲವತ್ತು ದಾಟಿದ್ವು.

ಪ್ರಶ್ನೆ: ಸರ್, ಕೆಎಎಸ್‌ಗೆ ಓದ್ತಿದೀನಿ. 2023–24ರ ಆ ಒಂದು ವರ್ಷ ಯಾವುದು ಮೊದಲು ಯಾವುದು ಆಮೇಲೆ ಅಂತ ತಲೆ ಕೆಡ್ತದ, ಸ್ವಲ್ಪ ಬಿಡಿಸಿ ಹೇಳ್ರಿ.
– ವಿದ್ಯಾರ್ಥಿನಿ, ರಾಯಚೂರು

ಮೇ 17, 2023ರಿಂದ ಹಿಡಿಯಮ್ಮ. ಅಧ್ಯಕ್ಷ ಗಿಯೆರ್ಮೊ ಲಾಸೊನ್ನ ಇಳಿಸಾಕ ಪಾರ್ಲಿಮೆಂಟಿನಾಗ ಮಹಾಭಿಯೋಗ ನಡೆದಿತ್ತು, ಅವ ಪಾರ್ಲಿಮೆಂಟನ್ನೇ ವಿಸರ್ಜನೆ ಮಾಡಿಬಿಟ್ಟ. ಅವರ ಸಂವಿಧಾನದಾಗ ಇದಕ್ಕ ‘ಮುಯೆರ್ತೆ ಕ್ರುಸಾದಾ’ ಅಂತಾರ, ನೀ ಸತ್ರ ನಾನೂ ಸಾಯ್ತೀನಿ ಅನ್ನೋ ಲೆಕ್ಕ, ಅಧ್ಯಕ್ಷಗೂ ಮತ್ತೆ ಚುನಾವಣೆ ಆಗ್ಬೇಕು. ಎಲೆಕ್ಷನ್‌ಗೆ ಹನ್ನೊಂದು ದಿನ ಇರುವಾಗ, ಆಗಸ್ಟ್ 9ಕ್ಕ, ರಾಜಧಾನಿ ಕೀಟೊದಾಗ ಪ್ರಚಾರ ಮುಗಿಸಿ ಕಾರು ಹತ್ತುತ್ತಿದ್ದ ಅಭ್ಯರ್ಥಿ ಫರ್ನಾಂಡೊ ವಿಯಾವಿಸೆನ್ಸಿಯೊನ್ನ ಗುಂಡಿಟ್ಟು ಕೊಂದ್ರು. ಪತ್ರಕರ್ತ ಇದ್ದವ, ಭ್ರಷ್ಟಾಚಾರದ ಮ್ಯಾಲೆ ಬರೆದು ಬರೆದೇ ಹೆಸರಾದವ. ಕೊಲೆ ಕೇಸಿನಾಗ ಹಿಡಿದಿದ್ದ ಆರು ಕೊಲಂಬಿಯದೋರು ಅಕ್ಟೋಬರ್‌ನಾಗ ಜೈಲೊಳಗೇ ಹೆಣ ಆದ್ರು. ಈ ಆರು ಹೆಣದ ಸುದ್ದಿ ನನಗಂತೂ ಟಿವಿ ವಿಡಿಯೋಕ್ಕಿಂತ ಹೆದರಿಕೆ ಹುಟ್ಟಿಸಿತು, ಯಾಕಂದ್ರ ಅವರು ಇದ್ದದ್ದು ಸರ್ಕಾರದ ಕೈಯಾಗ.

ಅಕ್ಟೋಬರ್ 15ರ ಎರಡನೇ ಸುತ್ತಿನಾಗ ಡೇನಿಯಲ್ ನೊಬೊವಾ ಗೆದ್ದ, ಲೂಯಿಸಾ ಗೊನ್ಸಾಲೆಸ್ ಸೋತ್ರು. ಜನವರಿದು ಮ್ಯಾಲೆ ಹೇಳೀನಿ, ಫಿಟೊ ಮಾಯ ಆದ ಮರುದಿನ 60 ದಿನದ ತುರ್ತು ಪರಿಸ್ಥಿತಿ, ಟಿವಿ ಚಾನೆಲ್ ದಿನ ‘ದೇಶದೊಳಗ ಯುದ್ಧ’ ಅಂತ ಘೋಷಿಸಿ 22 ಗ್ಯಾಂಗುಗಳನ್ನ ಭಯೋತ್ಪಾದಕರು ಅಂದು ಮಿಲಿಟರಿ ಇಳಿಸಿದ. ಯುದ್ಧಕ್ಕ ದುಡ್ಡು ಬೇಕಲ್ಲ, ಏಪ್ರಿಲ್‌ನಿಂದ ವ್ಯಾಟ್ 12ರಿಂದ 15 ಪರ್ಸೆಂಟ್ ಮಾಡಿದ, ಸೋಪು ಕೊಳ್ಳೋನೂ ಕೊಡ್ಬೇಕು.

ಏಪ್ರಿಲ್ 5ರ ರಾತ್ರಿ ಪೊಲೀಸ್ರು ಮೆಕ್ಸಿಕೋ ರಾಯಭಾರ ಕಚೇರಿ ಬಾಗಿಲು ಒಡೆದು ಒಳಗ ಆಶ್ರಯ ಪಡೆದಿದ್ದ ಮಾಜಿ ಉಪಾಧ್ಯಕ್ಷ ಹೊರ್ಹೆ ಗ್ಲಾಸ್‌ನ್ನ ಎಳೆದು ತಂದ್ರು. ಗ್ಲಾಸ್ ಭ್ರಷ್ಟಾಚಾರದಾಗ ಶಿಕ್ಷೆ ಆದವನೇ, ಒಪ್ಪಿದೆ, ಆದ್ರ ಇನ್ನೊಂದು ದೇಶದ ಎಂಬೆಸಿಗೆ ಕೇಳದಂಗ ನುಗ್ಗಬಾರ್ದು ಅಂತ 1961ರ ವಿಯೆನ್ನಾ ಒಪ್ಪಂದ ಐತಿ. ಮೆಕ್ಸಿಕೋ ಸಂಬಂಧನೇ ಕಡಿದುಕೊಳ್ತು. ಏಪ್ರಿಲ್ 21ಕ್ಕ ಜನಮತ, 11 ಪ್ರಶ್ನೆ, ಮಿಲಿಟರಿ ಪೊಲೀಸ್ ಜೊತೆ ಇರ್ಲಿ, ಆರೋಪಿಗಳನ್ನ ಹೊರದೇಶಕ್ಕ ಒಪ್ಪಿಸ್ರಿ ಅನ್ನೋವು ಸೇರಿ 9ಕ್ಕ ಹೂಂ ಅಂದ್ರು. ಉಳಿದ ಎರಡರಾಗ ಒಂದು ಕೂಲಿದು, ತಾಸಿನ ಲೆಕ್ಕದಾಗ ಕೆಲಸಕ್ಕ ಇಟ್ಕೊಳ್ಳೋದು, ಅದಕ್ಕ ಖಡಾಖಂಡಿತ ಬ್ಯಾಡ ಅಂದ್ರು. ಗ್ಯಾಂಗ್ ಹೊಡಿ, ನಮ್ಮ ಪಗಾರಕ್ಕ ಕೈ ಹಾಕಬ್ಯಾಡ ಅಂದಂಗಾತು, ಶ್ಯಾಣ್ಯಾ ಮಂದಿ.

ಪ್ರಶ್ನೆ: ಅಲ್ಲೂ ಕರೆಂಟ್ ತೆಗೀತಾರಂತ ಹೌದಾ?
– ಓದುಗರು, ಶಕ್ತಿನಗರ

ಹೌದು. ನಿಮ್ಮಲ್ಲಿ ಕಲ್ಲಿದ್ದಲು, ಅವರದ್ದು ಹೆಚ್ಚಾಗಿ ಡ್ಯಾಮ್ ನೀರಿನ ಕರೆಂಟು. ಮಳೆ ಕೈಕೊಟ್ಟು 2024ರ ಏಪ್ರಿಲ್‌ನಾಗ ಎರಡು ದಿನ ಕೆಲಸಕ್ಕೇ ರಜ ಕೊಟ್ರು. ವರ್ಷದ ಕೊನೀಗಂತೂ ಕೆಲವು ದಿನ 14 ತಾಸು ಕತ್ತಲು.

ಪ್ರಶ್ನೆ: ನೊಬೊವಾ ಬಾಳೆ ಸಾಹುಕಾರನ ಮಗನಂತೆ, ದುಡ್ಡಿದ್ರ ಅಲ್ಲೂ ಎಲೆಕ್ಷನ್ ಗೆಲ್ಲಬೋದಾ?
– ಹೋಟೆಲ್ ಮಾಲೀಕರು, ಬಳ್ಳಾರಿ

ಅವರಪ್ಪ ಅಲ್ವಾರೊ ನೊಬೊವಾ ದೇಶದ ದೊಡ್ಡ ಸಾಹುಕಾರ್ರಾಗ ಒಬ್ಬ, ಬಾಳೆ ಎಕ್ಸ್‌ಪೋರ್ಟಿನ ದೊರೆ. ಅಧ್ಯಕ್ಷ ಆಗ್ಬೇಕು ಅಂತ ಐದು ಸಲ ನಿಂತು ಐದು ಸಲಾನೂ ಸೋತ. ಮಗ ಮೊದಲ ಸಲಕ್ಕೇ 35ರ ವಯಸ್ಸಿಗೆ ಗೆದ್ದ, 2025ರಾಗ ಮತ್ತೆ ಗೆದ್ದ.